ಮಗುವಿಗೆ ಜ್ವರ: ಕಾಯೋದಾ, ಈಗ್ಲೇ ಡಾಕ್ಟ್ರ ಹತ್ರ ಓಡೋದಾ?

ಪುಟ್ಟನಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ ಎರಡೂವರೆ ವರ್ಷ, ನಿನ್ನೆ ಮಧ್ಯಾಹ್ನದಿಂದ ಜ್ವರ, 102 ಇತ್ತು, ಒಂದ್ಸಲ 103 ಕೂಡ ಬಂತು. ಪ್ಯಾರಾಸಿಟಮಾಲ್ ಸಿರಪ್ ಹಾಕಿದ್ರೆ ಒಂದು ಗಂಟೇಲಿ ಇಳಿಯತ್ತೆ, ಎದ್ದು ಕೂತು ಆಟದ ಕಾರು ಓಡಿಸ್ತಾನೆ, ಮತ್ತೆ ನಾಲ್ಕೈದು ಗಂಟೆ ಆಯ್ತು ಅಂದ್ರೆ ಮೈ ಕೆಂಡ. ಮೂಗು ಸೋರ್ತಿದೆ, ಸ್ವಲ್ಪ ಕೆಮ್ಮು. ಹೋದ ಸಲ ಹೀಗೇ ಆದಾಗ ರಾತ್ರಿ ಒಂದು ಗಂಟೆಗೆ ಎತ್ಕೊಂಡು ಓಡಿದ್ದೆ, ವೈರಲ್ ಅಷ್ಟೇ ಇದಕ್ಯಾಕೆ ಇಷ್ಟು ಗಾಬರಿ ಅಂತ ಹೇಳಿ ಕಳಿಸಿಬಿಟ್ರು, ಆ ಮುಜುಗರ ಇನ್ನೂ ಹೋಗಿಲ್ಲ. ಹಾಗಂತ ಸುಮ್ನೆ ಕೂರೋಕೂ ಧೈರ್ಯ ಸಾಲ್ತಿಲ್ಲ. ಥರ್ಮಾಮೀಟರ್ ಎಷ್ಟು ತೋರಿಸಿದ್ರೆ ಹೊರಡ್ಬೇಕು ಹೇಳಿ?

ಇಬ್ಬರ ತಾಯಿ:
ಮೊದ್ಲು ಆ ಮುಜುಗರ ಬಿಟ್ಹಾಕಿ, ಏನಿಲ್ಲ ಅಂತ ಹೇಳಿಸ್ಕೊಂಡು ಬರೋದಕ್ಕಿಂತ ಒಳ್ಳೇ ಸುದ್ದಿ ಇನ್ಯಾವುದಿದೆ. ನಂಬರ್ ಒಂದನ್ನೇ ನಂಬ್ಕೋಬೇಡಿ. ನನ್ನ ದೊಡ್ಡವಳು 103 ಇದ್ರೂ ಮಂಚದ ಮೇಲೆ ಕುಣೀತಿದ್ಲು. ಚಿಕ್ಕವನು ಎಂಟು ತಿಂಗಳಿದ್ದಾಗ 100 ಕೂಡ ಇರ್ಲಿಲ್ಲ, ಬರೀ ನೆಗಡಿ ಅಂದ್ಕೊಂಡಿದ್ದೆ, ಹಾಲು ಕುಡಿಯೋಕೆ ಬಾಯಿ ಹಾಕ್ತಾನೆ ಎರಡು ಸಲ ಎಳೀತಾನೆ ಬಿಡ್ತಾನೆ, ಮತ್ತೆ ಎರಡು ಸಲ ಎಳೀತಾನೆ ಬಿಡ್ತಾನೆ. ಬೆಳಗಾಗ್ಲಿ ನೋಡೋಣ ಅಂತಿದ್ದೆ. ನಮ್ಮಮ್ಮ ಬಂದು ಅಂಗಿ ಎತ್ತಿ ನೋಡಿದ್ರು, ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಿತ್ತು, ಮೂಗಿನ ಹೊಳ್ಳೆ ಅರಳ್ತಿತ್ತು. ಏಳೇ ಹೊರಡು ಅಂದ್ರು. ನ್ಯುಮೋನಿಯಾ, ಮೂರು ದಿನ ಆಕ್ಸಿಜನ್ ಹಾಕಿದ್ರು. ಅವತ್ತಿಂದ ಮನೇಲಿ ಯಾವ ಮಗುಗೆ ಹುಷಾರಿಲ್ಲ ಅಂದ್ರೂ ನಾನು ಮೊದ್ಲು ಮಾಡೋದು ಅಂಗಿ ಎತ್ತಿ ಉಸಿರು ನೋಡೋದು.

ಮಕ್ಕಳ ವಾರ್ಡ್ ಸಿಸ್ಟರ್:
ಮೇಲಿನವರ ಅಮ್ಮ ಮಾಡಿದ್ದನ್ನೇ ನಾವೂ ವಾರ್ಡಲ್ಲಿ ಮಾಡೋದು. ಮಗು ಅಳದೆ ಇರುವಾಗ, ಮಲಗಿದ್ರೆ ಇನ್ನೂ ಒಳ್ಳೇದು, ಗಡಿಯಾರ ಇಟ್ಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ, ಅರ್ಧ ನಿಮಿಷ ಎಣಿಸಿ ಡಬಲ್ ಮಾಡ್ಬೇಡಿ, ಮಕ್ಕಳ ಉಸಿರು ಒಂದೇ ಸಮ ಇರಲ್ಲ. 2 ತಿಂಗಳಿಂದ 1 ವರ್ಷದೊಳಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷಕ್ಕೆ 40 ಅಥವಾ ಜಾಸ್ತಿ ಇದ್ರೆ ಅವತ್ತೇ ತೋರಿಸ್ಬೇಕು. ಪಕ್ಕೆ ಎಳೀತಿದ್ರೆ, ಉಸಿರಿಗೊಂದ್ಸಲ ನರಳಿದ್ರೆ, ತುಟಿ ನೀಲಿ ಆದ್ರೆ ಆ ಕ್ಷಣವೇ.

3 ತಿಂಗಳೊಳಗಿನ ಕೂಸಿನ ಲೆಕ್ಕವೇ ಬೇರೆ. ಅಲ್ಲಿ 100.4 ಬಂತು ಅಂದ್ರೆ ಮನೇಲಿ ಸಿರಪ್ ಹಾಕಿ ಕಾಯೋ ಮಾತೇ ಇಲ್ಲ, ಕೂಸು ಚೆನ್ನಾಗಿ ಕಂಡ್ರೂ ನೇರ ಆಸ್ಪತ್ರೆ.

ದೊಡ್ಡ ಮಕ್ಕಳಲ್ಲಿ ಜ್ವರ ಇಳಿದಾಗ ಹೇಗಿರ್ತಾರೆ ಅನ್ನೋದೇ ಮುಖ್ಯ. ಜ್ವರ ಏರಿದಾಗ ಎಲ್ಲಾ ಮಕ್ಕಳೂ ಮುದುಡಿ ಮಲಗ್ತಾರೆ. ಇಳಿದ ಮೇಲೂ ಕಣ್ಣು ಬಿಡ್ದೆ ತೂಕಡಿಸ್ತಿದ್ರೆ, ಎಬ್ಬಿಸಿದ್ರೂ ಏಳದಿದ್ರೆ, ಏನು ಕುಡಿದ್ರೂ ವಾಂತಿ ಆಗ್ತಿದ್ರೆ, 8 ಗಂಟೆ ಉಚ್ಚೆ ಹೊಯ್ಯದೆ ಇದ್ರೆ, ಅತ್ರೂ ಕಣ್ಣೀರು ಬರದೆ ಇದ್ರೆ ತಡ ಮಾಡ್ಬೇಡಿ. ಹಸಿರು ವಾಂತಿ, ಕತ್ತು ಬಗ್ಗಿಸೋಕಾಗದೆ ಇರೋದು, ಗಾಜಿನ ಲೋಟ ಒತ್ತಿ ನೋಡಿದ್ರೂ ಮಾಸದ ಕೆಂಪು-ನೇರಳೆ ಚುಕ್ಕೆ, ಇವೂ ತುರ್ತೇ. ಸಿರಪ್ಪಿಗೆ ಜ್ವರ ಇಳೀತು ಅಂದ್ಮಾತ್ರಕ್ಕೆ ಕಾಯಿಲೆ ಸಣ್ಣದು ಅಂತ ಅಲ್ಲ, ಇದನ್ನ ಎಷ್ಟೋ ಜನ ತಪ್ಪು ತಿಳ್ಕೊಂಡಿರ್ತಾರೆ.

ರಾತ್ರಿಪಾಳಿ ಅಪ್ಪ:
ಜ್ವರದ ಫಿಟ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ. ನನ್ನ ಮಗಳಿಗೆ ಒಂದೂವರೆ ವರ್ಷದಲ್ಲಿ ಬಂತು, ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಅದುರ್ತಿತ್ತು, ನಾನು ಗಾಬರೀಲಿ ಬಾಯಿಗೆ ಚಮಚ ತುರುಕೋಕೆ ಹೋದೆ, ದಯವಿಟ್ಟು ಅದನ್ನ ಯಾರೂ ಮಾಡ್ಬೇಡಿ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ, ಟೈಮ್ ನೋಡ್ಕೊಳ್ಳಿ. 5 ನಿಮಿಷ ದಾಟಿದ್ರೆ ಆಂಬುಲೆನ್ಸ್. ಬೇಗ ನಿಂತ್ರೂ ಮೊದಲ ಸಲ ಬಂದಿದ್ರೆ ಅವತ್ತೇ ಡಾಕ್ಟ್ರಿಗೆ ತೋರಿಸ್ಲೇಬೇಕು.

ಪುಟ್ಟನಮ್ಮ:
ಈಗಷ್ಟೇ ಅವನು ಮಲಗಿರುವಾಗ ಎಣಿಸ್ದೆ, ಒಂದ್ಸಲ 34, ಇನ್ನೊಂದ್ಸಲ 32. ಪಕ್ಕೆ ಎಳೀತಿಲ್ಲ. ಏಳು ಗಂಟೆಗೆ ಉಚ್ಚೆ ಹೊಯ್ದ, ನೀರು ಕೇಳಿ ಕುಡ್ದ. ನಾಳೆ ಬೆಳಿಗ್ಗೆ ಕರ್ಕೊಂಡು ಹೋಗ್ತೀನಿ, ಈ ರಾತ್ರಿ ಎಬ್ಬಿಸಿ ಸಿರಪ್ ಹಾಕ್ಬೇಕಾ ಸಿಸ್ಟರ್?

ಮಕ್ಕಳ ವಾರ್ಡ್ ಸಿಸ್ಟರ್:
ನೆಮ್ಮದಿಯಾಗಿ ಮಲಗಿದ್ರೆ ಸಿರಪ್ಪಿಗೋಸ್ಕರ ಎಬ್ಬಿಸೋದು ಬೇಡ. ಮಧ್ಯೆ ಎರಡು ಸಲ ಎದ್ದು ಉಸಿರು ನೋಡಿ ಸಾಕು. ಅವನೇ ಎದ್ದು ಕಿರಿಕಿರಿ ಮಾಡಿದ್ರೆ ಕೊಡಿ, ಹಿಂದಿನ ಡೋಸ್ ಆಗಿ ಕನಿಷ್ಠ 4 ಗಂಟೆ ಆಗಿರ್ಲಿ, ದಿನಕ್ಕೆ 4 ಸಲ ದಾಟ್ಬಾರ್ದು. ಡೋಸ್ ಮಗುವಿನ ತೂಕದ ಮೇಲೆ ಹೋಗತ್ತೆ, ಡ್ರಾಪ್ಸ್‌ಗೂ ಸಿರಪ್ಪಿಗೂ ಸ್ಟ್ರೆಂತ್ ಬೇರೆ ಬೇರೆ ಇರತ್ತೆ, ಬಾಟ್ಲಿ ಲೇಬಲ್ ಓದಿ, ಅಡುಗೆಮನೆ ಚಮಚ ಬಿಟ್ಟು ಅದ್ರ ಜೊತೆ ಬಂದ ಅಳತೆ ಮುಚ್ಚಳದಲ್ಲೇ ಕೊಡಿ. ಕೊಟ್ಟ ಟೈಮ್ ಎಲ್ಲಾ ಒಂದು ಚೀಟೀಲಿ ಬರ್ದಿಟ್ಕೊಳ್ಳಿ, ನಾಳೆ ಡಾಕ್ಟ್ರು ಅದನ್ನ ಕೇಳ್ತಾರೆ.