ಒಂದೇ ರಕ್ತದೊತ್ತಡ, ಇಬ್ಬರಿಗೆ ಬೇರೆ ಬೇರೆ ಮಾತ್ರೆ ಏಕೆ?

ಪ್ರಶ್ನೆ: ಡಾಕ್ಟರೇ, ನನಗೂ ನಮ್ಮ ಅಣ್ಣನಿಗೂ ರಕ್ತದೊತ್ತಡ ಹೆಚ್ಚುಕಡಿಮೆ ಒಂದೇ, 150/95. ಅವನಿಗೆ ಅಮ್ಲೋಡಿಪಿನ್ ಬರೆದುಕೊಟ್ಟಿದ್ದಾರೆ, ನನಗೆ ರಾಮಿಪ್ರಿಲ್. ನನಗೆ ಸಕ್ಕರೆ ಕಾಯಿಲೆಯೂ ಇದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂದಿದ್ದರು. ಯಾರಿಗೆ ಯಾವ ಔಷಧಿ ಎಂದು ಹೇಗೆ ತೀರ್ಮಾನಿಸುತ್ತೀರಿ? ಕಂಪನಿಯವರು ಹೇಳಿದ್ದನ್ನೇ ಬರೆಯುತ್ತಾರೆ ಎನ್ನುವವರೂ ಇದ್ದಾರೆ.

ವೈದ್ಯರ ಉತ್ತರ: ನಿಮ್ಮ ಮಾತ್ರೆಯನ್ನು ಆರಿಸಿದ್ದು ಬಹುಶಃ ಆ ಪ್ರೋಟೀನ್ ವರದಿಯೇ; ಅದು ಮೂತ್ರಪಿಂಡಕ್ಕೆ ಪೆಟ್ಟಾಗುತ್ತಿರುವುದರ ಸೂಚನೆ. ಎರಡೂ ಔಷಧಿಗಳು ಒತ್ತಡ ಇಳಿಸುತ್ತವೆ. ಅಮ್ಲೋಡಿಪಿನ್ ರಕ್ತನಾಳಗಳ ಸ್ನಾಯುವನ್ನು ಸಡಿಲಿಸುತ್ತದೆ. ರಾಮಿಪ್ರಿಲ್ ನಾಳಗಳನ್ನು ಬಿಗಿಯುವ ಆಂಜಿಯೊಟೆನ್ಸಿನ್ ಉತ್ಪತ್ತಿಯನ್ನೇ ತಗ್ಗಿಸುತ್ತದೆ, ಜೊತೆಗೆ ಮೂತ್ರಪಿಂಡದ ಸೋಸುವ ಭಾಗದ ಮೇಲಿನ ಒತ್ತಡವನ್ನೂ ಇಳಿಸುತ್ತದೆ. ನಿಮಗೆ ಅಗತ್ಯವಾಗಿ ಬೇಕಿರುವುದು ಆ ರಕ್ಷಣೆ.

ನಿಜ ಹೇಳಬೇಕೆಂದರೆ, ನಾವು ಆರಿಸುವುದಕ್ಕಿಂತ ಕೈಬಿಡುವುದೇ ಹೆಚ್ಚು. ಆಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಎಂಬ ಒತ್ತಡದ ಮಾತ್ರೆ ಬೇಡ, ಶ್ವಾಸನಾಳ ಬಿಗಿಯಬಹುದು. ಗೌಟ್ (ಯೂರಿಕ್ ಆಮ್ಲ ಹೆಚ್ಚಿ ಬರುವ ಕೀಲುನೋವು) ಇದ್ದರೆ ಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಒತ್ತಡದ ಮಾತ್ರೆ ಬರೆಯಲು ಹಿಂಜರಿಯುತ್ತೇವೆ, ಅದು ಯೂರಿಕ್ ಆಮ್ಲವನ್ನು ಏರಿಸುತ್ತದೆ. ಗರ್ಭಿಣಿಯರಿಗೆ ರಾಮಿಪ್ರಿಲ್ ಕೊಡುವಂತೆಯೇ ಇಲ್ಲ, ಮಗುವಿಗೆ ಅಪಾಯ. ರೋಗಿ ಮಂಡಿನೋವಿಗೆಂದು ತಾವೇ ಐಬುಪ್ರೊಫೆನ್ ನುಂಗುತ್ತಿದ್ದರೆ ಒತ್ತಡದ ಮಾತ್ರೆ ಸೋಲುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಇದನ್ನು ಬಹಳ ಮಂದಿ ನಮಗೆ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ.

ಬೆಲೆಯೂ ಲೆಕ್ಕಕ್ಕೆ ಬರುತ್ತದೆ. ತಿಂಗಳ ಕೊನೆಗೆ ಕೊಳ್ಳಲಾಗದೆ ನಿಂತುಹೋಗುವ ಔಷಧಿ ಎಷ್ಟು ಒಳ್ಳೆಯದಾದರೇನು? ಕಂಪನಿಗಳ ಪ್ರಭಾವ ಸುಳ್ಳಲ್ಲ, ಅದು ನನಗೂ ನೋವಿನ ವಿಷಯ. ಔಷಧಿಯ ಮೂಲ ಹೆಸರೇನು, ಇದಕ್ಕಿಂತ ಅಗ್ಗದ ಜೆನೆರಿಕ್ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಅದು ನಿಮ್ಮ ಹಕ್ಕು.

ಪ್ರಶ್ನೆ: ಧನ್ಯವಾದಗಳು ಡಾಕ್ಟರೇ. ಇನ್ನೊಂದು ವಿಷಯ: ಇದನ್ನು ಶುರು ಮಾಡಿದಾಗಿನಿಂದ ಒಣಕೆಮ್ಮು. ಅಣ್ಣನ ಮಾತ್ರೆಯನ್ನೇ ತೆಗೆದುಕೊಳ್ಳಲೇ?

ವೈದ್ಯರ ಉತ್ತರ: ಬೇಡ. ರಾಮಿಪ್ರಿಲ್‌ನಿಂದ ಬ್ರಾಡಿಕೈನಿನ್ ಎಂಬ ವಸ್ತು ದೇಹದಲ್ಲಿ ಹೆಚ್ಚುವುದರಿಂದ ಕೆಲವರಿಗೆ ಹೀಗೆ ಕೆಮ್ಮು ಬರುತ್ತದೆ. ಅಣ್ಣನ ಮಾತ್ರೆಗೆ ಬದಲಾಯಿಸಿದರೆ ಕೆಮ್ಮು ಹೋದೀತು, ಆದರೆ ಮೂತ್ರಪಿಂಡಕ್ಕೆ ಸಿಗುತ್ತಿದ್ದ ಆ ರಕ್ಷಣೆಯೂ ಹೋಗುತ್ತದೆ. ಅದೇ ರಕ್ಷಣೆ ಕೊಡುವ, ಕೆಮ್ಮು ತೀರಾ ಕಡಿಮೆ ಇರುವ ಟೆಲ್ಮಿಸಾರ್ಟನ್‌ನಂಥ ಔಷಧಿಗಳಿವೆ. ನಿಮಗೆ ಬರೆದುಕೊಟ್ಟ ವೈದ್ಯರನ್ನೇ ಈ ವಾರ ಕಾಣಿರಿ. ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಶ) ಮತ್ತು ಪೊಟ್ಯಾಸಿಯಂ ನೋಡಿ ಅವರು ಬದಲಿಸುತ್ತಾರೆ. ನಡುವೆ ತುಟಿ, ನಾಲಿಗೆ ಅಥವಾ ಮುಖ ಊದಿಕೊಂಡರೆ ಮುಂದಿನ ಮಾತ್ರೆ ನುಂಗಬೇಡಿ, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.