ಅಪ್‌ಡೇಟ್: ಸಂಡೂರು ಕಾಡಿನ ದೊಡ್ಡ ಜೇಡ ಯಾವುದು ಅಂತ ಗೊತ್ತಾಯ್ತು

ಹೋದ ವಾರ ಸಂಡೂರು ಗುಡ್ಡದ ಕಾಲುದಾರಿಯಲ್ಲಿ ಕಂಡ ಅಂಗೈಯಗಲದ ಕಪ್ಪು-ಹಳದಿ ಜೇಡದ ಬಗ್ಗೆ ಕೇಳಿದ್ದೆ. ಅದು ನೆಫಿಲಾ ಪಿಲಿಪೆಸ್ (ಬಂಗಾರದ ಬಣ್ಣದ ದಾರದಿಂದ ಚಕ್ರದಂಥ ಬಲೆ ಹೆಣೆಯೋ ದೊಡ್ಡ ಜೇಡ), ಹೆಣ್ಣು. "ಬಲೆಯ ದಾರವನ್ನ ಬಿಸಿಲಿಗೆ ಓರೆಯಾಗಿ ನೋಡ್ರಿ" ಅಂದವರ ಸಲಹೆಯೇ ಕೆಲಸಕ್ಕೆ ಬಂತು: ಅಪ್ಪಟ ಬಂಗಾರದ ಬಣ್ಣ. ಬಲೆಯ ನಡುಬಿಂದು ಮೇಲಂಚಿಗೆ ಹತ್ತಿರ ಇತ್ತು, ಅದೂ ಇದರ ಗುರುತೇ. ದೇಹ ಸುಮಾರು 4 ಸೆಂ.ಮೀ.; ಕಾಲು ಬಿಟ್ಟು ಅಳೀಬೇಕು, ಇಲ್ಲಾಂದ್ರೆ ಲೆಕ್ಕ ತಪ್ಪುತ್ತೆ.

ಕೆಲವರು ಟರಾಂಟುಲಾ (ಮೈತುಂಬ ಕೂದಲಿರೋ ದೊಡ್ಡ ಜೇಡ) ಅಂದದ್ದು ಹೊಂದಲಿಲ್ಲ. ಅವು ಬಿಲ, ಮರದ ಪೊಟರೆಯಲ್ಲಿರ್ತವೆ, ಗಾಳಿಯಲ್ಲಿ ಚಕ್ರದಂಥ ಬಲೆ ಹೆಣೆಯೋದಿಲ್ಲ. ಸಿಗ್ನೇಚರ್ ಜೇಡ ಅನ್ನೋ ಇನ್ನೊಂದು ಜಾತಿಯೂ ಅಲ್ಲ: ಅದರ ಬಲೆಯಲ್ಲಿ ಸಾಮಾನ್ಯವಾಗಿ ಬಿಳಿ ಅಂಕುಡೊಂಕು ಪಟ್ಟಿ ಇರುತ್ತೆ, ಇಲ್ಲಿರಲಿಲ್ಲ.

ಅಚ್ಚರಿ ಅಂದ್ರೆ, ಅದೇ ಬಲೆಯ ಮೂಲೆಯಲ್ಲಿದ್ದ ಅರ್ಧ ಸೆಂ.ಮೀ. ಕೆಂಗಂದು ಜೇಡ ಮರಿಯಲ್ಲ, ಗಂಡು! ಈ ಜಾತಿಯ ಜೇಡದ ವಿಷ ಮನುಷ್ಯರಿಗೆ ಪ್ರಾಣಾಪಾಯ ತರೋದಲ್ಲ. ದಯವಿಟ್ಟು ಬಲೆ ಹರೀಬ್ಯಾಡ್ರಿ, ಬಗ್ಗಿ ದಾಟ್ರಿ.