ಹೋಸ್ಟ್-ಮ್ಯಾನೇಜ್ಡ್ ಡ್ರೈವ್ ಲಿನಕ್ಸ್‌ನಲ್ಲಿ ಓಡಿಸಿದವರು ಅನುಭವ ಹೇಳಿ

ಹಾಸನ ಸ್ಟುಡಿಯೋ: 14 ಟಿಬಿ ಡ್ರೈವ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ. ಹೋಸ್ಟ್-ಮ್ಯಾನೇಜ್ಡ್ ಎಸ್‌ಎಂಆರ್ ಅಂತೆ, ಅಂದರೆ ಟ್ರ್ಯಾಕ್ ಒಂದರ ಮೇಲೊಂದು ಹತ್ತಿಸಿ ಬರೆಯುವ, ಎಲ್ಲಿ ಹೇಗೆ ಬರೆಯಬೇಕು ಅಂತ ಕಂಪ್ಯೂಟರೇ ನೋಡಿಕೊಳ್ಳಬೇಕಾದ ಡ್ರೈವ್. ಹಳೆ ಮದುವೆ ವಿಡಿಯೋ ಇಡಲಿಕ್ಕೆ. ಡೆಬಿಯನ್ ಲಿನಕ್ಸ್ ಇದೆ. ತಗೊಳ್ಳಬಹುದಾ?

ಮೂಡಿಗೆರೆ ಮಳೆ: ಅಗ್ಗ ಅಂತ ನಾನೂ ಬಿದ್ದೆ. ಡ್ರೈವ್‌ಗೆ 9,200, ಕೊರಿಯರ್‌ಗೆ 380. ಯುಎಸ್‌ಬಿ ಕೇಸಿಗೆ 1,650 ಸುರಿದೆ, ಅದರಲ್ಲಿ ಡ್ರೈವ್ ಕಾಣಿಸಲೇ ಇಲ್ಲ. ಮದರ್‌ಬೋರ್ಡಿನ ಸಾಟಾಗೆ ನೇರ ಚುಚ್ಚಿದ ಮೇಲೆ ಕಣ್ಣು ಬಿಟ್ಟಿತು. ಲಿನಕ್ಸ್‌ನ ಮಾಮೂಲಿ ಫೈಲ್ ಸಿಸ್ಟಂ ಇಎಕ್ಸ್‌ಟಿ4 ಹಾಕೋಣ ಅಂದರೆ ಎರರ್. ರಾತ್ರಿ ಒಂದು ಗಂಟೆಗೆ, ಡ್ರೈವ್‌ನ ತುಂಡುಗಳಾದ ಝೋನ್‌ಗಳ ಪಟ್ಟಿ ತೋರಿಸುವ ಬ್ಲಾಕ್‌ಝೋನ್ ರಿಪೋರ್ಟ್ ಕಮಾಂಡ್ ಕೊಟ್ಟೆ. 256 ಎಂಬಿಗೆ ಒಂದು ಝೋನ್, 52 ಸಾವಿರ ಚಿಲ್ಲರೆ ಸಾಲು ಸ್ಕ್ರೀನ್ ಮೇಲೆ ಓಡಿದವು. ನಮ್ಮ ಮನೆ ಹೆಂಚಿನ ಹಾಗೇ ಇದು. ಒಂದು ಟ್ರ್ಯಾಕ್ ಇನ್ನೊಂದರ ಮೇಲೆ ಹತ್ತಿ ಕೂತಿರುತ್ತದೆ, ನಡುವಿನದನ್ನು ಮಾತ್ರ ಬದಲಿಸಲು ಆಗಲ್ಲ. ಝೋನ್ ಪೂರ್ತಿ ರೀಸೆಟ್ ಮಾಡಿ ಮೊದಲಿಂದ ಬರೆಯಬೇಕು. ಮಾರಿದವನು ಫೋನ್ ಎತ್ತುತ್ತಿಲ್ಲ.

ಸಕಲೇಶಪುರ ಘಾಟಿ: ಓದದೆ ತಗೊಂಡು ಡ್ರೈವ್‌ಗೆ ಬೈದರೆ ಹೇಗೆ? ಲಿನಕ್ಸ್ ಕರ್ನಲ್ 5.12ರಿಂದ ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂಗೆ ಝೋನ್ ಗೊತ್ತು. ನನ್ನದು ಮೂರು ವರ್ಷದಿಂದ ಓಡುತ್ತಿದೆ. ಒಂದು ಸಲ ಮಾತ್ರ 3 ಟಿಬಿ ಅಳಿಸಿದರೂ "ಜಾಗ ಇಲ್ಲ" ಅಂದಿತು. ಅಳಿಸಿದ ಜಾಗ ತಕ್ಷಣ ವಾಪಸ್ ಬರಲ್ಲ. ಝೋನ್‌ನಲ್ಲಿ ಉಳಿದ ಡೇಟಾವನ್ನು ಬೇರೆ ಕಡೆ ಸಾಗಿಸಿದ ಮೇಲೇ ಅದು ಖಾಲಿ. ಹಾಗೆ ಸಾಗಿಸುವ ಬ್ಯಾಲೆನ್ಸ್ ಕಮಾಂಡ್ 19 ಗಂಟೆ ತಗೊಂಡಿತು. ಮಧ್ಯೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಊದಿಕೊಂಡಿತು, ಅದಕ್ಕೆ 2,400 ದಂಡ. ಆದರೆ ಒಂದು ಫೈಲೂ ಹೋಗಲಿಲ್ಲ.

ಅರಸೀಕೆರೆ ತೆಂಗು: "ಒಂದು ಸಲ ಮಾತ್ರ" ಅಂತೆ! ನಾನು ಝೋನ್ ಡ್ರೈವನ್ನು ಮಾಮೂಲಿ ಡ್ರೈವ್‌ನಂತೆ ತೋರಿಸುವ ಡಿಎಂ-ಝೋನ್ಡ್ ಪದರ ಹಾಕಿ ಮೇಲೆ ಇಎಕ್ಸ್‌ಟಿ4 ಇಟ್ಟಿದ್ದೇನೆ. 4.13ರಿಂದ ಕರ್ನಲ್‌ನಲ್ಲೇ ಇದೆ. ದೊಡ್ಡ ಫೈಲ್ ಸಲೀಸಾಗಿ ಹೋಗುತ್ತದೆ. ಮೊನ್ನೆ ಅದರ ಮೇಲೆ ಡೇಟಾಬೇಸ್ ಇಟ್ಟೆ, ಅದು ನನ್ನ ತಪ್ಪು ಬಿಡಿ. ಚೂರುಪಾರು ಬರಹವೆಲ್ಲ, ಎಲ್ಲಿ ಬೇಕಾದರೂ ಬರೆಯಬಹುದಾದ ಮಾಮೂಲಿ ಝೋನ್‌ಗಳಲ್ಲಿ ತುಂಬಿಕೊಂಡು, ಅದನ್ನು ಎತ್ತಿ ಸಾಗಿಸುವ ಕೆಲಸ ಶುರುವಾಯಿತು. ಫೋಲ್ಡರ್ ತೆರೆಯಲು ಹೇಳಿ ಕಾಫಿ ಕುಡಿದು ಬರಬಹುದಿತ್ತು.

ಸಕಲೇಶಪುರ ಘಾಟಿ: ಆಮೆ ಸಾಕಿದ್ದೀರಿ.

ಅರಸೀಕೆರೆ ತೆಂಗು: ಆಮೆಗೆ ಬ್ಯಾಟರಿ ಊದಲ್ಲ.

ಮೂಡಿಗೆರೆ ಮಳೆ: ಬ್ಯಾಟರಿ 2,400ಕ್ಕೆ ಎಲ್ಲಿ ಸಿಕ್ಕಿತು ಸಾರ್? ನನಗೆ 2,900 ಹೇಳಿದರು.

ಹಾಸನ ಸ್ಟುಡಿಯೋ: ನಾನು ವಿಡಿಯೋ ಒಂದು ಸಲ ಇಟ್ಟರೆ ಆಮೇಲೆ ಮುಟ್ಟುವುದೇ ಇಲ್ಲ ಸಾರ್, ಹಾಗಾದರೆ...

ಸಕಲೇಶಪುರ ಘಾಟಿ: ಹಳೆ ಬ್ಯಾಟರಿ ವಾಪಸ್ ಕೊಟ್ಟರೆ 2,400. ಇಲ್ಲದಿದ್ದರೆ ನನಗೂ 2,900 ಅಂದಿದ್ದರು.